ಹಳೆಯ ಮೇಣದ ಜಾಕೆಟ್ ಕೊಳ್ಳುವವರು ನೋಡಬೇಕಾದದ್ದು ನೂಲನ್ನು

ಮೇಣ ಹೀರಿಸಿದ ಹತ್ತಿ ಬಟ್ಟೆಯ ಬೈಕ್ ಜಾಕೆಟ್ಟನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಬಣ್ಣ ಎಷ್ಟು ಮಾಸಿದೆ, ಮೇಣ ಎಷ್ಟು ಒಣಗಿದೆ ಎಂಬುದನ್ನೇ ಮೊದಲು ನೋಡುತ್ತಾರೆ. ನನ್ನ ದೃಷ್ಟಿಯಲ್ಲಿ ಇವೆರಡೂ ಗೌಣ. ಮೇಣವನ್ನು ಮತ್ತೆ ಹಚ್ಚಬಹುದು, ಜಿಪ್ ಬದಲಿಸಬಹುದು, ಹರಿದ ಲೈನಿಂಗ್ ತೆಗೆದು ಹೊಸದನ್ನು ಹೊಲಿಸಬಹುದು. ಆದರೆ ನೂಲೇ ಜೀರ್ಣವಾಗಿದ್ದರೆ ಯಾವ ಉಪಚಾರದಿಂದಲೂ ಅದಕ್ಕೆ ಬಲ ಮರಳುವುದಿಲ್ಲ.

ಈ ಬಟ್ಟೆಯ ಮೂಲ ಹಡಗಿನ ಹಾಯಿಯಲ್ಲಿದೆ. ಹಾಯಿಗೆ ನೀರು ಇಳಿಯದಿರಲೆಂದು ಬಳಿಯುತ್ತಿದ್ದ ಅಗಸೆ ಎಣ್ಣೆ ಕಾಲಕ್ರಮೇಣ ಹಳದಿಗಟ್ಟಿ, ಚಳಿಯಲ್ಲಿ ಬಿರುಸಾಗುತ್ತಿತ್ತು. ಬ್ರಿಟನ್ನಿನ ಗಿರಣಿಗಳು 1930ರ ದಶಕದಲ್ಲಿ ಅದರ ಬದಲಿಗೆ ಪ್ಯಾರಾಫಿನ್ ಮೇಣ ಹೀರಿಸಿದ ಹತ್ತಿಯನ್ನು ತಂದ ಮೇಲೆ ಅದು ಬೈಕ್ ಸವಾರರ ಬಟ್ಟೆಯೂ ಆಯಿತು. ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ 1894ರಲ್ಲಿ ಆರಂಭವಾದ ಬಾರ್ಬರ್ ಸಂಸ್ಥೆಯ 'ಇಂಟರ್‌ನ್ಯಾಷನಲ್' ಜಾಕೆಟ್ 1936ರದು. 1924ರಲ್ಲಿ ಸ್ಥಾಪಿತವಾದ ಬೆಲ್‌ಸ್ಟಾಫ್ ಸಂಸ್ಥೆಯ 'ಟ್ರಯಲ್‌ಮಾಸ್ಟರ್' 1948ರದು. ಎರಡೂ ಆರು ದಿನಗಳ ಕಠಿಣ ಬೈಕ್ ಸ್ಪರ್ಧೆಗಳಿಗಾಗಿ ರೂಪುಗೊಂಡವು. ಎದೆಯ ಎಡಭಾಗದ ಜೇಬು ಓರೆಯಾಗಿರುವುದು ಅಲಂಕಾರಕ್ಕಲ್ಲ. ಬೈಕಿನ ಮೇಲೆ ಕುಳಿತಂತೆಯೇ ನಕ್ಷೆಯನ್ನು ಹೊರಗೆಳೆಯಲು ಅನುಕೂಲವಾಗಲೆಂದು ಅದನ್ನು ಹಾಗೆ ಹೊಲಿದರು. ಹಾಲಿವುಡ್ ನಟ ಸ್ಟೀವ್ ಮ್ಯಾಕ್‌ಕ್ವೀನ್ 1964ರಲ್ಲಿ ಪೂರ್ವ ಜರ್ಮನಿಯ ಸ್ಪರ್ಧೆಗೆ ಇಂಥದೇ ಜಾಕೆಟ್ ಧರಿಸಿ ಹೋದದ್ದರಿಂದ ಹಳೆಯವುಗಳ ಬೆಲೆ ಇಂದಿಗೂ ಏರುತ್ತಲೇ ಇದೆ ಎಂಬುದು ಕೊಳ್ಳುವವರ ದುರದೃಷ್ಟ.

ಬಾರ್ಬರ್ ಜಾಕೆಟ್ಟಿನ ವಯಸ್ಸನ್ನು ಅಂದಾಜು ಮಾಡಲು ಒಳಗಿನ ಲೇಬಲ್ ನೆರವಾಗುತ್ತದೆ. ಆ ಸಂಸ್ಥೆಗೆ ರಾಜಮನೆತನದ ಮನ್ನಣೆ ಮೊದಲು ದೊರೆತದ್ದು 1974ರಲ್ಲಿ, ಎಡಿನ್‌ಬರೋ ಡ್ಯೂಕ್ ಅವರಿಂದ. 1982ರಲ್ಲಿ ರಾಣಿ ಎರಡನೆಯ ಎಲಿಜಬೆತ್, 1987ರಲ್ಲಿ ಅಂದಿನ ಪ್ರಿನ್ಸ್ ಆಫ್ ವೇಲ್ಸ್ (ಈಗಿನ ರಾಜ ಚಾರ್ಲ್ಸ್) ಅದನ್ನು ನೀಡಿದರು. ಪ್ರತಿ ಮನ್ನಣೆಗೂ ಒಂದು ಲಾಂಛನ ಲೇಬಲ್ಲಿಗೆ ಸೇರುತ್ತಿತ್ತು, ಆದ್ದರಿಂದ ಹಳೆಯ ಲೇಬಲ್ಲಿನಲ್ಲಿ ಒಂದೇ ಲಾಂಛನವಿದ್ದರೆ ಜಾಕೆಟ್ ಎಪ್ಪತ್ತರ ದಶಕದ ಆಸುಪಾಸಿನದು, ಮೂರಿದ್ದರೆ 1987ರ ನಂತರದ್ದು ಎಂದು ತಿಳಿಯಬಹುದು. ಮಾರುವವರು ಹೇಳುವ ವಯಸ್ಸಿಗಿಂತ ನನಗೆ ಈ ಲೇಬಲ್ಲಿನ ಮೇಲೆಯೇ ಹೆಚ್ಚು ನಂಬಿಕೆ.

ಇನ್ನು ಪರೀಕ್ಷೆ. ಜಾಕೆಟ್ಟಿನ ಒಳಗೆ ಟಾರ್ಚ್ ಹಿಡಿದು ಹೊರಗಿನಿಂದ ನೋಡಿದರೆ, ಲೈನಿಂಗ್ ತೆಳುವಾಗಿದ್ದಲ್ಲಿ, ಸೂಜಿಮೊನೆಯಷ್ಟು ಸಣ್ಣ ತೂತುಗಳೂ ಕಾಣುತ್ತವೆ. ಮೊಣಕೈ, ತೋಳಿನ ಅಂಚು, ಜೇಬಿನ ಮೂಲೆಗಳು, ಬೆಲ್ಟ್ ಉಜ್ಜುವ ಸೊಂಟದ ಭಾಗ ಮೊದಲು ಸವೆಯುತ್ತವೆ. ಅಲ್ಲಲ್ಲಿ ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಎಳೆದು ನೋಡಬೇಕು. ಗಟ್ಟಿಯಾದ ಹತ್ತಿ ಅದನ್ನು ತಾಳಿಕೊಳ್ಳುತ್ತದೆ, ಕೊಳೆತದ್ದು ಕಾಗದದಂತೆ ಹರಿಯುತ್ತದೆ. ಮಡಿಕೆಗಳಲ್ಲಿ ಬಿಳಿಯ ಗೆರೆಗಳು ಕಂಡರೆ ಗಾಬರಿಪಡಬೇಕಾಗಿಲ್ಲ, ಅವು ಒಣಗಿ ಸೀಳಿದ ಮೇಣದ ಗುರುತುಗಳಷ್ಟೇ. ಮುಗ್ಗು ವಾಸನೆಯ ವಿಷಯ ಬೇರೆ. ಬೂಷ್ಟು ಹತ್ತಿಯ ನಾರನ್ನೇ ತಿಂದು ಬೆಳೆಯುವುದರಿಂದ, ತೇವದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಜಾಕೆಟ್ ಹೊರನೋಟಕ್ಕೆ ಚೆನ್ನಾಗಿದ್ದರೂ ಒಳಗೆ ಸತ್ವ ಕಳೆದುಕೊಂಡಿರಬಹುದು. ಹಳೆಯ ಮೇಣಕ್ಕೆ ತನ್ನದೇ ಆದ ಎಣ್ಣೆಯ ವಾಸನೆ ಇರುತ್ತದೆ. ಅದನ್ನು ಮುಗ್ಗಿನ ವಾಸನೆಯಿಂದ ಬೇರ್ಪಡಿಸಿ ಗುರುತಿಸಲು ಮೂಗಿಗೆ ಸ್ವಲ್ಪ ಅಭ್ಯಾಸ ಬೇಕು.

ನಾನು ಖಂಡಿತವಾಗಿ ಬಿಟ್ಟುಬಿಡುವುದು ವಾಷಿಂಗ್ ಮಷೀನಿಗೆ ಹಾಕಿದ ಜಾಕೆಟ್ಟನ್ನು. ಲೈನಿಂಗ್ ಅಚ್ಚುಕಟ್ಟಾಗಿ ಸ್ವಚ್ಛವಾಗಿದ್ದು, ಹೊರಬಟ್ಟೆ ಒಂದೇ ಸಮನೆ ಬಿಳಿಚಿಕೊಂಡು ಮೆತ್ತಗಾಗಿದ್ದರೆ ಸಂಶಯಪಡಲು ಕಾರಣವಿದೆ. ಬಿಸಿನೀರು ಮತ್ತು ಡಿಟರ್ಜೆಂಟ್ ಮೇಣವನ್ನು ತೆಗೆದುಹಾಕುತ್ತವೆ. ಉಳಿದುಬಿಟ್ಟ ಡಿಟರ್ಜೆಂಟ್ ಅಂಶ ನೀರನ್ನು ಒಳಗೆ ಸೆಳೆಯುವುದರಿಂದ, ಮತ್ತೆ ಮೇಣ ಹಚ್ಚಿದರೂ ಮೊದಲಿನ ಗುಣ ಬರುವುದು ಕಷ್ಟ. ಡ್ರೈ ಕ್ಲೀನಿಂಗ್ ಕೂಡ ಇಷ್ಟೇ ಹಾನಿಕರ. ಕೆಸರು ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ, ತಣ್ಣೀರಿನಲ್ಲಿ ಅದ್ದಿದ ಸ್ಪಂಜಿನಿಂದ ಒರೆಸುವುದಕ್ಕಿಂತ ಹೆಚ್ಚಿನ ಶುಚಿತ್ವವನ್ನು ಈ ಬಟ್ಟೆ ಬೇಡುವುದಿಲ್ಲ.

ಮೇಣ ಹಚ್ಚುವ ಕೆಲಸಕ್ಕೆ ಒಂದು ಬಿಡುವಾದ ಮಧ್ಯಾಹ್ನ ಬೇಕು. ಮೇಣದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಎಣ್ಣೆಯಷ್ಟು ತೆಳುವಾಗಿಸಿಕೊಳ್ಳಬೇಕೇ ಹೊರತು ನೇರವಾಗಿ ಬೆಂಕಿಯ ಮೇಲೆ ಇಡಬಾರದು. ಹಳೆಯ ಬಟ್ಟೆಯ ತುಂಡಿನಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು ಉಜ್ಜುತ್ತಾ, ನೀರು ಮೊದಲು ಇಳಿಯುವ ಹೊಲಿಗೆಗಳ ಮೇಲೆ ಹೆಚ್ಚು ಗಮನ ಕೊಡಬೇಕು. ಕಾರ್ಡುರಾಯ್ ಕಾಲರಿಗೂ ಜೇಬಿನ ಒಳಭಾಗಕ್ಕೂ ಮೇಣ ತಾಗಬಾರದು. ನಂತರ ಹೇರ್ ಡ್ರೈಯರ್‌ನ ಬಿಸಿಗಾಳಿ ಹಾಯಿಸಿದರೆ ಮೇಣ ಕರಗಿ ನೂಲಿನೊಳಗೆ ಇಳಿಯುತ್ತದೆ. ಮೇಲೆ ಉಳಿದದ್ದನ್ನು ಒರೆಸದಿದ್ದರೆ ಅದು ಅಂಗಿಗೂ ಕುರ್ಚಿಗೂ ಅಂಟುತ್ತದೆ. ಗಟ್ಟಿಯಾದ ಜೇನುಮೇಣವನ್ನು ಒಂದನ್ನೇ ಬಳಸುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಬಟ್ಟೆ ಬಿರುಸಾಗಿ ಮಡಿಕೆಗಳಲ್ಲಿ ಬೇಗ ಸೀಳುತ್ತದೆ. ಮನೆಯಲ್ಲೇ ಅಗಸೆ ಎಣ್ಣೆ ಬೆರೆಸಿ ಮಿಶ್ರಣ ತಯಾರಿಸುವವರು ಒಂದು ಎಚ್ಚರಿಕೆ ವಹಿಸಬೇಕು: ಆ ಎಣ್ಣೆ ಹೀರಿದ ಬಟ್ಟೆಯ ಉಂಡೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಅದನ್ನು ಬಿಡಿಸಿ ಹರಡಿ ಒಣಗಿಸಬೇಕು. ನೆನೆದ ಜಾಕೆಟ್ಟನ್ನು ಹೀಟರಿನ ಬಳಿ ಇಡದೆ ಗಾಳಿಯಾಡುವಲ್ಲಿ ಅಗಲವಾದ ಹ್ಯಾಂಗರಿಗೆ ನೇತುಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುವುದು ಖಚಿತ.

ಈ ಜಾಕೆಟ್ ಗಾಳಿಮಳೆಯನ್ನು ತಡೆಯುತ್ತದೆ, ರಸ್ತೆಯನ್ನಲ್ಲ. ತೆಳುವಾದ ಹತ್ತಿ ಡಾಂಬರಿನ ಮೇಲೆ ಉಜ್ಜಿದರೆ ಹೆಚ್ಚು ಹೊತ್ತು ನಿಲ್ಲದು, ಹಳೆಯವುಗಳಲ್ಲಿ ಪ್ಯಾಡ್ ಇಡುವ ಜೇಬುಗಳೂ ಸಾಮಾನ್ಯವಾಗಿ ಇರುವುದಿಲ್ಲ. ಯುರೋಪಿನಲ್ಲಿ ಸವಾರರ ಉಡುಪನ್ನು ಸವೆತ ತಡೆಯುವ ಶಕ್ತಿಗೆ ಅನುಗುಣವಾಗಿ ವರ್ಗೀಕರಿಸುವ ಇಎನ್ 17092 ಮಾನದಂಡ ಬರುವ ಎಷ್ಟೋ ಮೊದಲೇ ಇವು ಹೊಲಿದವು. ಹಾಗಾಗಿ ನಾನು ಒಳಗೆ ಪ್ಯಾಡ್‌ಗಳುಳ್ಳ ರಕ್ಷಣಾ ಅಂಗಿ ತೊಡುತ್ತೇನೆ, ಅದಕ್ಕೆ ಜಾಗವಿರುವಂತೆಯೇ ಅಳತೆ ನೋಡುತ್ತೇನೆ. ಹತ್ತಿ ಹಿಗ್ಗುವುದಿಲ್ಲ, ಫೋಟೋ ನೋಡಿ ಕೊಳ್ಳುವಾಗ ಲೇಬಲ್ಲಿನ ಸಂಖ್ಯೆಯನ್ನು ನಂಬದೆ, ಕಂಕುಳಿನಿಂದ ಕಂಕುಳಿಗೆ ಎಷ್ಟಿದೆ, ಭುಜದಿಂದ ತೋಳಿನ ಅಂಚಿಗೆ ಎಷ್ಟಿದೆ ಎಂದು ಮಾರುವವರಿಂದಲೇ ಟೇಪ್ ಹಿಡಿಸಿ ಕೇಳಿ, ಹ್ಯಾಂಡಲ್ ಹಿಡಿಯಲು ಕೈ ಮುಂದೆ ಚಾಚಿದಾಗ ತೋಳು ಮೇಲಕ್ಕೆ ಸರಿಯುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.