ಮೂರು ಸೇತುವೆಯ ಫಜೀತಿ

ಗಂಗೊಳ್ಳಿಯ ಕಡಲ ಬದಿಯಲ್ಲಿ ಹುಟ್ಟಿದ ನನಗೆ ಹಾಯಿದೋಣಿ ಕಲಿಸಿದವನು ಧಾರವಾಡದವನು. ನಲವತ್ತು ದಾಟುವವರೆಗೆ ಕೆಲಗೇರಿ ಕೆರೆಗಿಂತ ದೊಡ್ಡ ನೀರಿಗಿಳಿಯದ ಆಸಾಮಿ, ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದ ಮೇಲೆ ಹಳೆಯದೊಂದು ಜೆ/105 ಕೊಂಡಿದ್ದ. ಮೂವತ್ತನಾಲ್ಕೂವರೆ ಅಡಿಯ ದೋಣಿ. ರೇಸಿಗೆ ಸಾಮಾನ್ಯವಾಗಿ ಐದಾರು ಜನ ಹತ್ತುತ್ತಾರೆ. ಜನವರಿ ಕೊನೆಯಲ್ಲಿ ನಡೆಯುವ ‘ತ್ರೀ ಬ್ರಿಡ್ಜ್ ಫಿಯಾಸ್ಕೋ’ಗೆ ಮಾತ್ರ ಒಬ್ಬರು, ಹೆಚ್ಚೆಂದರೆ ಇಬ್ಬರು.

ಫಿಯಾಸ್ಕೋ ಅಂದರೆ ನಮ್ಮ ಫಜೀತಿಯೇ. ಗೋಲ್ಡನ್ ಗೇಟ್ ಸೇತುವೆ ಬಳಿಯ ಬ್ಲಾಕಾಲರ್ ಬೋಯ್ ಎಂಬ ತೇಲುಗುರುತು, ಬೇ ಬ್ರಿಡ್ಜ್ ಹಾದುಹೋಗುವ ಯೆರ್ಬಾ ಬ್ಯೂನಾ–ಟ್ರೆಷರ್ ಐಲೆಂಡ್ ಜೋಡಿ ದ್ವೀಪ, ರಿಚ್ಮಂಡ್ ಸೇತುವೆ ಪಕ್ಕದ ರೆಡ್ ರಾಕ್ ಬಂಡೆ. ಈ ಮೂರನ್ನೂ ಸುತ್ತಿ ಬರಬೇಕು, ಸುಮಾರು 21 ನಾಟಿಕಲ್ ಮೈಲಿ. ಯಾವುದು ಮೊದಲು, ಎಡಕ್ಕೋ ಬಲಕ್ಕೋ, ನಿಮ್ಮಿಷ್ಟ. ನಿಧಾನದ ದೋಣಿ ಮೊದಲು ಹೊರಡುತ್ತದೆ, ವೇಗದ್ದು ಕೊನೆಗೆ. ಹೊರಡುವ ಗೆರೆಯನ್ನೂ ಯಾವ ಕಡೆಯಿಂದ ಬೇಕಾದರೂ ದಾಟಬಹುದು. ಕೆಲವು ವರ್ಷ ದೋಣಿಗಳು ಮುನ್ನೂರು ದಾಟುತ್ತವೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಒಂದು ಬಸ್ಸಿಗೂ ಬ್ರೇಕಿಲ್ಲ ಎಂದುಕೊಳ್ಳಿ.

ಟ್ರೆಷರ್ ಐಲೆಂಡ್ ಸುತ್ತುವ ತನಕ ಹೇಳುವಂಥದ್ದೇನೂ ಆಗಲಿಲ್ಲ. ಬೆಳಗಿನ ಉಬ್ಬರ ನಮ್ಮನ್ನು ಉತ್ತರಕ್ಕೆ ನೂಕುತ್ತಿತ್ತು. ಅವನು ಚುಕ್ಕಾಣಿ, ನಾನು ಹಾಯಿಯ ಹಗ್ಗ ಬಿಗಿಯುವ ರಾಟೆ, ಅಂದರೆ ವಿಂಚ್. ಟ್ಯಾಕ್ ಮಾಡಿದಾಗಲೆಲ್ಲ, ಅಂದರೆ ಮೂತಿಯನ್ನು ಗಾಳಿಗೆ ಅಡ್ಡಲಾಗಿ ಆಚೆ ತಿರುಗಿಸಿದಾಗಲೆಲ್ಲ, ಒಂದು ಹಗ್ಗ ಬಿಟ್ಟು, ಆಚೆ ಜಿಗಿದು ಇನ್ನೊಂದನ್ನು ಎಳೆಯಬೇಕು. ಮೂರನೆಯ ಆಳು ಇಲ್ಲದ್ದು ಭುಜಕ್ಕೆ ಗೊತ್ತಾಗುತ್ತದೆ.

ರೆಡ್ ರಾಕ್ ಕಣ್ಣಳತೆಯಲ್ಲಿದ್ದಾಗ ಗಾಳಿ ಸತ್ತಿತು. ಬೇಸಿಗೆಯಲ್ಲಿ ಕಡಲಿಂದ ನುಗ್ಗುವ ಗಾಳಿ ಇಲ್ಲಿ ಚಳಿಗಾಲದಲ್ಲಿ ಹೀಗೇ ಕೈಕೊಡುತ್ತದೆ. ಅದೇ ಹೊತ್ತಿಗೆ ನೀರು ತಿರುಗಿ ಇಳಿತ ಶುರು. ಜಿಪಿಎಸ್‌ನಲ್ಲಿ ನಾವು ಹಿಂದಕ್ಕೆ ಹೋಗುತ್ತಿದ್ದೆವು.

“ಲಂಗರ ಒಗಿ, ಲಗೂನ!”

“ಎಲ್ಲಿತ್ತ್ ಮಾರಾಯ ಅದು?”

“ಕೆಳಗ, ಹಾಸಗಿ ಬುಡಕ!”

ರೇಸಿನ ನಡುವೆ ಲಂಗರು ಹಾಕಲು ನಿಯಮದ ಅಡ್ಡಿಯಿಲ್ಲ, ಹೊರಡುವಾಗ ಎತ್ತಿಕೊಂಡರಾಯಿತು. ಮೂತಿಯಲ್ಲಿ ಕೂತು ಹಗ್ಗ ಬಿಡುತ್ತಾ ಹೋದೆ. ಮೊದಲು ಸಡಿಲವಾಗಿ ತೆವಳಿತು, ಆಮೇಲೆ ಒಮ್ಮೆ ಬಿಗಿದು ಅಂಗೈಯಲ್ಲಿ ಸಣ್ಣಗೆ ನಡುಗಿತು. ಹಿಡಿಯಿತು. ಮೂತಿಯ ಕೆಳಗೆ ನೀರು ಗುಳುಗುಳು ಎನ್ನುತ್ತಾ ಹರಿಯತೊಡಗಿತು. ಹರಿಯುವ ನೀರಿನ ಲೆಕ್ಕದಲ್ಲಿ ಓಡುವ ದೋಣಿಯ ವೇಗದ ಮೀಟರ್ 2 ನಾಟ್ (ಗಂಟೆಗೆ 2 ನಾಟಿಕಲ್ ಮೈಲಿ) ತೋರಿಸುತ್ತಿದೆ, ಜಿಪಿಎಸ್ ಸೊನ್ನೆ.

“ಲೇ, ನಾವ್ ನಿಂತೇವೋ, ಹೊಂಟೇವೋ?” ಅಂದ.

ಅಕ್ಕಪಕ್ಕದ ದೋಣಿಗಳು ಹಾಯಿ ಬಿಚ್ಚಿಕೊಂಡೇ ಗಂಭೀರವಾಗಿ ಹಿಂದೆ ಸರಿಯುತ್ತಿದ್ದವು. ನಿಂತೇ ಹತ್ತಿಪ್ಪತ್ತು ದೋಣಿ ಹಿಂದೆ ಹಾಕಿದೆವು. ಜೀವನದಲ್ಲಿ ನಾನು ಅಷ್ಟು ವೇಗವಾಗಿ ಎಲ್ಲೂ ಹೋಗಿಲ್ಲ. “ಇಳ್ತದ್ ನೀರಿಗ್ ಎದ್ರ್ ಹೋಪುಕಾಗ” ಎಂದು ಅಳಿವೆಯ ಬಗ್ಗೆ ಅಜ್ಜ ಹೇಳುತ್ತಿದ್ದದ್ದು ನೆನಪಾಯಿತು. ಕಾಯುವುದು ಕೆಲಸ ಎಂದು ಅಜ್ಜನಿಗೆ ಗೊತ್ತಿತ್ತು. ನಾವು ಡಬ್ಬಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ತಿಂದೆವು.

ಮೂರರ ಸುಮಾರಿಗೆ ನೀರ ಮೇಲೆ ಕಪ್ಪು ಗೆರೆ ಮೂಡಿತು, ಗಾಳಿ. ಲಂಗರು ಎಳೆದಾಗ ಅದರ ಜೊತೆ ಬುಟ್ಟಿಯಷ್ಟು ಕೆಸರು ಡೆಕ್ ಮೇಲೆ ಬಿತ್ತು. ಥೇಟ್ ನಮ್ಮೂರ ಅಳಿವೆಯ ವಾಸನೆ. ತೊಳೆಯಲು ಪುರುಸೊತ್ತಿಲ್ಲ. ರೆಡ್ ರಾಕ್ ಸುತ್ತಿ, ಸ್ಪಿನೇಕರ್ ಎಂಬ ಉಬ್ಬಿದ ದೊಡ್ಡ ಹಾಯಿ ಬಿಚ್ಚಿ, ಇಳಿತದ ಬೆನ್ನ ಮೇಲೆ ಓಡಿದೆವು. ರಕೂನ್ ಜಲಸಂಧಿಯಲ್ಲಿ ಆ ಹಾಯಿಯನ್ನು ಇಳಿಸುವಾಗ ನನ್ನ ಕೈತಪ್ಪಿ ಅಷ್ಟೂ ಬಟ್ಟೆ ನೀರಿಗೆ. ಇಬ್ಬರೂ ಮೊಣಕಾಲೂರಿ ಕೈರಂಪಣಿ ಬಲೆಯಂತೆ ಎಳೆದೆವು. ಮೀನೊಂದೂ ಸಿಗಲಿಲ್ಲ.

ಬ್ಲಾಕಾಲರ್ ತಲುಪುವಷ್ಟರಲ್ಲಿ ಕತ್ತಲು. ಗಾಳಿ ಮತ್ತೆ ಮಲಗಿತು. ಗೋಲ್ಡನ್ ಗೇಟ್ ಎಂದರೂ ಒಂದು ಅಳಿವೆಯೇ, ಇಡೀ ಕೊಲ್ಲಿಯ ನೀರು ಅದೊಂದೇ ಬಾಗಿಲಿಂದ ಹೊರಗೆ ಹೋಗಬೇಕು. ಬೋಯ್ ಕೈಗೆಟುಕುವಷ್ಟು ಹತ್ತಿರ ಬಂದು, ಮೆಲ್ಲಗೆ ದೂರವಾಯಿತು. ಸೇತುವೆಯ ದೀಪಗಳು ತಲೆಯ ಮೇಲೆ ಬಂದವು. ಲಂಗರು? ಅಲ್ಲಿ ಆಳ 300 ಅಡಿಗೂ ಮಿಕ್ಕಿ, ನಮ್ಮ ಹಗ್ಗ 200. ಏಳು ಗಂಟೆಯ ಗಡುವಿಗೆ ಇಪ್ಪತ್ತು ನಿಮಿಷ ಬಾಕಿ ಇರುವಾಗ ಅವನು ಏನೂ ಹೇಳದೆ ಎಂಜಿನ್ ಕೀಲಿ ತಿರುಗಿಸಿದ. ನಾನು ರೇಡಿಯೋದಲ್ಲಿ ರೇಸ್ ಬಿಟ್ಟೆವೆಂದು ತಿಳಿಸಿದೆ.

“ಮುಂದಿನ ವರ್ಷ ಉಲ್ಟಾ ಹೋಗೂಣು,” ಅಂದ, ಬಹಳ ಹೊತ್ತಾದ ಮೇಲೆ.

ಡಬ್ಬಿಯಲ್ಲಿ ಒಂದು ಚಪಾತಿ ಉಳಿದಿತ್ತು. ಹರಿದು ಅರ್ಧ ಅವನಿಗೆ ಕೊಟ್ಟೆ. ಕೈ ತೊಳೆದಿರಲಿಲ್ಲ, ಕೆಸರಿನ ರುಚಿಯೂ ಇತ್ತು.