ನೀವು ಯಾವ ಪೈಕಿ?

"ಅಮ್ಮಾ, ನಮ್ಮ ಮಿಸ್ ಯಾಕೆ ಟ್ರೇಸಿಯಿಂದ ಬರ್ತಾರೆ? ಇಲ್ಲೇ ಇರಬಹುದಲ್ವಾ?"

ದೂರದ ಟ್ರೇಸಿ ಊರಿನಿಂದ ಬರುವಾಗ ಆಲ್ಟಮಾಂಟ್ ಪಾಸ್ ಅನ್ನುವ ಗುಡ್ಡದ ಹಾದಿಯಲ್ಲಿ ಟ್ರಾಫಿಕ್ ನಿಂತು ಅವತ್ತು ಮಗಳ ಟೀಚರ್ ತಡವಾಗಿ ಬಂದಿದ್ದರಂತೆ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಮನೆ ದುಬಾರಿ ಪುಟ್ಟಿ ಅಂದೆ. "ಮತ್ತೆ ನಮಗೆ ಹೇಗೆ ಸಿಕ್ತು?" ಅಂದಳು. ಉತ್ತರ ಹೊಳೆಯಲಿಲ್ಲ.

ಅದೇ ವಾರ ಊರಿನ ರಾಜಕೀಯ ಕ್ಲಬ್‌ನವರು ಕೈಗೆಟಕುವ ಮನೆಗಳ ಬಗ್ಗೆ ಚರ್ಚೆ ಇಟ್ಟುಕೊಂಡಿದ್ದರು. ಸುಮ್ನೆ ಕೇಳೋಣ ಅಂತ ಹೋದೆ. 2022ರಿಂದ ಎಸ್‌ಬಿ 9 ಅನ್ನುವ ರಾಜ್ಯದ ಕಾಯ್ದೆ ಜಾರಿಯಲ್ಲಿದೆ. ಒಂದೇ ಮನೆಗೆ ಅಂತ ಮೀಸಲಿದ್ದ ಸೈಟಿನಲ್ಲಿ ಎರಡು ಮನೆ, ಸೈಟ್ ಒಡೆದರೆ ನಾಲ್ಕರವರೆಗೂ ಕಟ್ಟಬಹುದು. ಷರತ್ತುಗಳು ಬೇಕಾದಷ್ಟಿವೆ ಅನ್ನಿ. ಅದನ್ನು ವಿವರಿಸುವಾಗಲೇ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ನೋಡಿದರೆ ನಮ್ಮ ಪಕ್ಕದ ಮನೆ ಅಜ್ಜಿ! ಹಿತ್ತಲಿನ ನಿಂಬೆಹಣ್ಣು ಚೀಲಗಟ್ಟಲೆ ತಂದುಕೊಡುವ ಪುಣ್ಯಾತ್ಗಿತ್ತಿ.

"ಬಡವರ ಮೇಲೆ ನನಗೇನೂ ಇಲ್ಲ. ಆದರೆ ನಮ್ಮ ಬೀದಿಯ ಕ್ಯಾರೆಕ್ಟರ್ ಹಾಳಾಗಬಾರದು" ಅಂದರು. ಚಪ್ಪಾಳೆ ಬಿತ್ತು.

ಅಜ್ಜಿಯ ಮನೆ ತೆರಿಗೆ ನಮ್ಮದರ ಕಾಲು ಭಾಗವೂ ಇಲ್ಲ. 1978ರ ಪ್ರೊಪೊಸಿಷನ್ 13 ಅನ್ನುವ ಕಾನೂನಿನ ಕೃಪೆ. ಕೊಂಡಾಗಿನ ಬೆಲೆಯ ಮೇಲೆ ತೆರಿಗೆ, ಆ ಲೆಕ್ಕದ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಮೊದಲು ಬಂದವರು ಆರಾಮಾಗಿ ಕೂತಿದ್ದಾರೆ ಅಂತ ಮನಸ್ಸಲ್ಲೇ ಗೊಣಗಿಕೊಂಡೆ. ಗೊಣಗುತ್ತಿದ್ದ ಹಾಗೇ ಮೈಸೂರಿನ ನಮ್ಮ ಮನೆ ಗೇಟು ಕಣ್ಣಿಗೆ ಬಂತು.

ಸರಸ್ವತಿಪುರಂನಲ್ಲಿ ನಮ್ಮ ಮಹಡಿ ಮನೆ ಖಾಲಿಯಾದಾಗಲೆಲ್ಲ ಅಪ್ಪ ಗೇಟಿಗೆ 'ಟು ಲೆಟ್' ಬೋರ್ಡು ಕಟ್ಟುತ್ತಿದ್ದರು. ಬಂದವರಿಗೆ ನಲ್ಲಿ, ಒಗೆಯುವ ಕಲ್ಲು, ಬಟ್ಟೆ ಒಣಗಿಸುವ ತಂತಿ ಎಲ್ಲ ತೋರಿಸಿ, ಕಾಫಿ ಕೊಟ್ಟು, ಆಮೇಲೆ ಮೆಲ್ಲಗೆ ಕೇಳುವರು: "ನೀವು ಯಾವ ಪೈಕಿ?" ಒಂದು ಸಲ ನನ್ನ ಸ್ಕೂಲಿನ ಲೆಕ್ಕದ ಮೇಡಂ ಬಂದರು. ಬಾಡಿಗೆ ಒಪ್ಪಿಗೆ, ಅಡ್ವಾನ್ಸ್ ಒಪ್ಪಿಗೆ. ಪೈಕಿ ಗೊತ್ತಾದ ಮೇಲೆ ಅಪ್ಪ, "ಅಯ್ಯೋ, ಬೆಳಿಗ್ಗೆಯಷ್ಟೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆ ಮೇಡಂ" ಅಂದರು. ಅಪ್ಪ ಒರಟು ಮನುಷ್ಯರಲ್ಲ, ದನಿ ಎತ್ತಿದವರೇ ಅಲ್ಲ. ಬೋರ್ಡು ಮಾತ್ರ ಇನ್ನೂ ಒಂದು ತಿಂಗಳು ಗೇಟಿನಲ್ಲೇ ನೇತಾಡಿತು. ಮೇಡಂ ದಿನಾ ಅದರ ಮುಂದೆಯೇ ನಡೆದು ಸ್ಕೂಲಿಗೆ ಹೋಗುತ್ತಿದ್ದರು. ನಾನು ಅವರ ಹಿಂದೆ, ಹತ್ತು ಹೆಜ್ಜೆ ದೂರ ಬಿಟ್ಟುಕೊಂಡು.

ಸಭೆಯ ಕೊನೆಗೆ, ನಿಮ್ಮ ಬೀದಿಯಲ್ಲಿ ಇಂಥ ಮನೆ ಬಂದರೆ ಒಪ್ಪುವವರು ಕೈ ಎತ್ತಿ ಅಂದರು. ಅಜ್ಜಿ ನನ್ನ ಕಡೆ ನೋಡಿ ನಕ್ಕರು. ನನ್ನ ಕೈ ಪರ್ಸಿನ ಮೇಲೇ ಇತ್ತು. ನಮ್ಮ ಸೈಟಿನ ಬೆಲೆ ಕಡಿಮೆಯಾದರೆ ಅನ್ನುವ ಯೋಚನೆ ಬಂದಿರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಮನೆಗೆ ಬಂದರೆ ಮಗಳು ಇನ್ನೂ ಮಲಗಿರಲಿಲ್ಲ. "ಮಿಸ್‌ಗೆ ಮನೆ ಸಿಕ್ತಾ?"

ಹಲ್ಲುಜ್ಜಿ ಮಲಕೋ ಅಂದೆ.