ರೋನ್ ಬೆರಕೆ ಪ್ರಯೋಗ: ಎಲ್ಲಿಗೆ ಬಂತು

ಫ್ರಾನ್ಸಿನ ದಕ್ಷಿಣ ರೋನ್ ಕಣಿವೆಯ ರೆಡ್ ವೈನ್ ಅಂದರೆ ಹೆಚ್ಚಾಗಿ ಮೂರು ದ್ರಾಕ್ಷಿಯ ಬೆರಕೆ: ಗ್ರನಾಶ್, ಸಿರಾ, ಮೂರ್ವೆದ್ರ್. ಅದೇ ರೋನ್ ನದಿಯ ದಡದ ಲಿಯೋನ್‌ನಲ್ಲಿ ಇದ್ದುಕೊಂಡು ಇದನ್ನು ಕುಡಿಯದೆ ಇರುವುದು ಕಷ್ಟ. ಆದರೆ ಯಾವ ರುಚಿ ಯಾವ ದ್ರಾಕ್ಷಿಯದು ಅಂತ ಬೆರೆತ ಮೇಲೆ ಗೊತ್ತಾಗುವುದಿಲ್ಲ. ಅದಕ್ಕೇ ಮೂರನ್ನೂ ಬೇರೆಬೇರೆ ಬಾಟಲಿಯಲ್ಲಿ ತಂದು, ಅಳತೆ ಸಿಲಿಂಡರಿನಲ್ಲಿ ನಾನೇ ಬೆರೆಸಿ, ಊಟದ ಜೊತೆ ಇಟ್ಟು ನೋಡುತ್ತಿದ್ದೇನೆ.

ಒಂದೊಂದಾಗಿ

ಗ್ರನಾಶ್ ಬಣ್ಣ ತೆಳು. ಗ್ಲಾಸಿನ ಹಿಂದೆ ಬೆರಳಿಟ್ಟರೆ ಕಾಣುತ್ತದೆ. ಮೂಗಿಗೆ ಸ್ಟ್ರಾಬೆರಿ, ಬಾಯಿಗೆ ಮೆತ್ತಗೆ, ಗಂಟಲಲ್ಲಿ ಬಿಸಿ. ಇದು ತಡವಾಗಿ ಮಾಗುವ, ಸಕ್ಕರೆ ಜಾಸ್ತಿ ಕೂಡಿಸುವ ತಳಿ. ಆಲ್ಕೋಹಾಲ್ ಶೇ. 14.5 ಮುಟ್ಟುವುದು ದೊಡ್ಡ ವಿಷಯವೇ ಅಲ್ಲ. ಗಾಳಿ ತಾಕಿದರೆ ಮಾತ್ರ ಬೇಗ ಕೆಡುತ್ತದೆ.

ಸಿರಾ ಪೂರ್ತಿ ಉಲ್ಟಾ. ಕಪ್ಪು ಹತ್ತಿದ ನೇರಳೆ ಬಣ್ಣ, ಆಲಿವ್, ಆಮೇಲೆ ಕರಿಮೆಣಸು. ಈ ಮೆಣಸಿನ ವಾಸನೆ ಸುಮ್ನೆ ಹೇಳುವ ಮಾತಲ್ಲ. ವೈನಿನಲ್ಲೂ ಮೆಣಸಿನಲ್ಲೂ ಇರುವುದು ರೋಟಂಡೋನ್ ಅನ್ನುವ ಒಂದೇ ಸಂಯುಕ್ತ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ತೋರಿಸಿದರು. ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆ ವಾಸನೆ ಹತ್ತಲೇ ಇಲ್ಲ. ನಮ್ಮನೆಯಲ್ಲೂ ಹಾಗೇ. "ಎಲ್ಲಿದೆ ರೀ ಮೆಣಸು?" ಅಂತ ಹೆಂಡತಿ ಗ್ಲಾಸ್ ವಾಪಸ್ ಕೊಡುತ್ತಾಳೆ. ಸಾರಿಗೆ ಮೆಣಸು ಒಂದು ಚಿಟಿಕೆ ಜಾಸ್ತಿಯಾದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ. ಆ ಖಾರ ಮೆಣಸಿನಲ್ಲೇ ಇರುವ ಪೈಪರೀನ್ ಅನ್ನುವ ಇನ್ನೊಂದು ಸಂಯುಕ್ತದ್ದು, ಅದರ ಲೆಕ್ಕವೇ ಬೇರೆ.

ಮೂರ್ವೆದ್ರ್ ದಪ್ಪ ಸಿಪ್ಪೆಯದು. ತೊಗಲಿನ ವಾಸನೆ, ವಿಪರೀತ ಒಗರು. ಎಳೆ ಅಡಿಕೆ ಅಗಿದ ಹಾಗೆ ನಾಲಿಗೆ ಹಿಡಿದುಕೊಳ್ಳುತ್ತದೆ. ಒಂದನ್ನೇ ಕುಡಿಯಲು ನನಗಂತೂ ಆಗಲಿಲ್ಲ.

ಬೆರೆಸಿ, ತಟ್ಟೆಯ ಪಕ್ಕದಲ್ಲಿ

ಬರೀ ಗ್ಲಾಸಿನಲ್ಲಿ ನೋಡಿದಾಗ ಗೆದ್ದದ್ದು ಸಿರಾ 60, ಗ್ರನಾಶ್ 40. ಬಣ್ಣ, ವಾಸನೆ ಎಲ್ಲದರಲ್ಲೂ ಅದೇ ಜೋರು. ಊಟಕ್ಕೆ ಕೂತಾಗ ಅದೇ ದಣಿಸಿತು. ಎರಡು ತುತ್ತಿಗೆ ಅಡುಗೆಯ ರುಚಿ ಹಿಂದೆ ಸರಿದುಬಿಟ್ಟಿತು.

ಮಾಡಿದ್ದು ದೋಬ್. ಮಾಂಸವನ್ನು ವೈನಿನಲ್ಲೇ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುವ ಪ್ರೊವಾನ್ಸ್ ಅಡುಗೆ. ಅವಿನ್ಯೋನ್ ಕಡೆ ಕುರಿಮಾಂಸ ಹಾಕುತ್ತಾರೆ, ನಾನೂ ಅದನ್ನೇ ಹಾಕಿದೆ. ಕಿತ್ತಳೆ ಸಿಪ್ಪೆ, ಥೈಮ್, ಬೆಳ್ಳುಳ್ಳಿ. ಇದಕ್ಕೆ ಗ್ರನಾಶ್ 60, ಸಿರಾ 20, ಮೂರ್ವೆದ್ರ್ 20 ಸರಿಯಾಗಿ ಕೂತಿತು. ಒಂಟಿಯಾಗಿ ಕಾಡಿದ ಆ ಒಗರು ಇಲ್ಲಿ ಕೆಲಸಕ್ಕೆ ಬಂತು. ಒಗರು ಕೊಡುವ ಟ್ಯಾನಿನ್ ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ನಾಲಿಗೆಗೆ ತಾಕುವುದು ಕಡಿಮೆಯಾಗುತ್ತದೆ, ಜಿಡ್ಡೂ ಬಾಯಿಂದ ಬಿಡುತ್ತದೆ. ಮೂರ್ವೆದ್ರ್ ತೆಗೆದು ಮತ್ತೆ ನೋಡಿದೆ. ವೈನ್ ಬರೀ ಹಣ್ಣಿನ ರಸ ಅನ್ನಿಸಿತು.

ತರಕಾರಿಗಳನ್ನು ಬೇಯಿಸಿ ಮಾಡುವ ರಾತಾತುಯಿಗೆ ಮೂರ್ವೆದ್ರ್ ಬೇಡವೇ ಬೇಡ. ಬದನೆ, ಟೊಮೆಟೊಗಳಲ್ಲಿ ಒಗರಿಗೆ ಸಿಕ್ಕಲು ಏನೂ ಇಲ್ಲ. ಗ್ರನಾಶ್ 75, ಸಿರಾ 25 ಸಾಕು.

ಬ್ಯಾಡಗಿ, ಗುಂಟೂರು ಎರಡೂ ಹಾಕಿದ ಕೋಳಿಸಾರಿಗೆ ಯಾವ ಅಳತೆಯೂ ಒಗ್ಗಲಿಲ್ಲ. ಆಲ್ಕೋಹಾಲ್ ಖಾರವನ್ನು ಇನ್ನೂ ಏರಿಸುತ್ತದೆ, ಒಗರು ಅದಕ್ಕೆ ಜೊತೆಗೂಡುತ್ತದೆ. ಬಾಟಲಿಯನ್ನು 15 ಡಿಗ್ರಿಗೆ ಇಳಿಸಿದಾಗ ಸ್ವಲ್ಪ ವಾಸಿ, ಅಷ್ಟೇ. ಮೆಣಸಿನಕಾಯಿ ಬಿಟ್ಟು ಬರೀ ಕಾಳುಮೆಣಸು, ಕೊತ್ತಂಬರಿ ಬೀಜದಲ್ಲಿ ಮಾಡಿದ ಮಟನ್‌ಗೆ ಮಾತ್ರ ಸಿರಾ ಜಾಸ್ತಿ ಇದ್ದ ಬೆರಕೆ ಚೆನ್ನಾಗಿ ಹೋಯಿತು.

ದಕ್ಷಿಣ ರೋನ್‌ನ ಹೆಸರಾಂತ ವೈನ್ ಪ್ರದೇಶ ಶಾತೊನಫ್ ದ್ಯು ಪಾಪ್‌ನಲ್ಲಿ 13 ದ್ರಾಕ್ಷಿ ತಳಿಗೆ ಅನುಮತಿ ಇದೆ, ಬಣ್ಣದ ಭೇದ ಸೇರಿಸಿದರೆ 18. ಅಷ್ಟಕ್ಕೆಲ್ಲ ನನ್ನಲ್ಲಿ ದುಡ್ಡೂ ಇಲ್ಲ, ಫ್ರಿಜ್‌ನಲ್ಲಿ ಜಾಗವೂ ಇಲ್ಲ. ಸದ್ಯಕ್ಕೆ ನಾಲ್ಕನೆಯದಾಗಿ ಸ್ಯಾನ್ಸೋ ತಂದಿದ್ದೇನೆ. ಹಗುರ, ಒಗರು ಕಡಿಮೆ. ಆ ಕೋಳಿಸಾರನ್ನು ಇದರ ಜೊತೆ ಇನ್ನೊಮ್ಮೆ ನೋಡಬೇಕು.